ನಾಲ್ಕು ಮೀಟರಿನ ಗೆರೆ: ತೆರಿಗೆಯ ಅಳತೆಯಲ್ಲಿ ಹುಟ್ಟಿದ ಕಾರುಗಳು

ಕಾರು ಕೊಳ್ಳಲೆಂದು ಮಳಿಗೆಗೆ ಹೋದವರು ಸಾಮಾನ್ಯವಾಗಿ ಬೆಲೆ, ಮೈಲೇಜು, ಬಣ್ಣ, ಸಾಲದ ಕಂತು ಇವುಗಳನ್ನು ವಿಚಾರಿಸುತ್ತಾರೆ. ಮಾಹಿತಿ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಮುದ್ರಿತವಾಗಿರುವ ಅಳತೆಗಳ ಕೋಷ್ಟಕವನ್ನು ಓದುವವರು ವಿರಳ. ಬಾಲ್ಯದಿಂದಲೂ ಕಾರುಗಳ ಹುಚ್ಚು ಹತ್ತಿಸಿಕೊಂಡಿರುವ ಈ ಲೇಖಕನಿಗೆ ಮಾತ್ರ ಮೊದಲು ಓದಬೇಕೆನಿಸುವುದು ಅದೇ ಪುಟ. ಅಲ್ಲಿ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಮಾರುತಿ ಡಿಜೈರ್ ಕಾರಿನ ಉದ್ದ 3995 ಮಿ.ಮೀ.; ಟಾಟಾ ನೆಕ್ಸಾನ್ 3995; ಹುಂಡೈ ವೆನ್ಯೂ 3995; ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒ 3990. ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ದೇಶಗಳ ಎಂಜಿನಿಯರುಗಳು ಪರಸ್ಪರ ಮಾತನಾಡಿಕೊಂಡವರಂತೆ ಒಂದೇ ಅಳತೆಗೆ ಬಂದು ನಿಂತಿರುವುದೇಕೆ?

ಉತ್ತರವು ಎಂಜಿನಿಯರಿಂಗ್ ಗ್ರಂಥಗಳಲ್ಲಿ ದೊರೆಯುವುದಿಲ್ಲ. ಅದು ಇರುವುದು ಕೇಂದ್ರ ಸರ್ಕಾರದ ತೆರಿಗೆ ಅಧಿಸೂಚನೆಗಳಲ್ಲಿ, ಅಂದರೆ ನನ್ನಂತಹ ಲೆಕ್ಕ ಪರಿಶೋಧಕರ ಮೇಜಿನ ಮೇಲೆ. ನಮ್ಮ ವರ್ತಕ ಹಾಗೂ ಸಣ್ಣ ಉದ್ಯಮಿ ಬಾಂಧವರು ವಾಹನ ಕೊಳ್ಳುವವರೂ ಹೌದು, ವಾಹನದ ಬಿಡಿಭಾಗಗಳನ್ನು ತಯಾರಿಸುವವರೂ ಹೌದು. ಆದ್ದರಿಂದ ತೆರಿಗೆಯ ಒಂದು ಗೆರೆ ಕಾರಿನ ವಿನ್ಯಾಸವನ್ನು ಹೇಗೆ ನಿರ್ಧರಿಸಿತು, ಅದರಲ್ಲಿ ನಾವು ಗಳಿಸಿದ್ದೇನು, ಕಳೆದುಕೊಂಡದ್ದೇನು ಎಂಬುದನ್ನು ಸ್ಥೂಲವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಗೆರೆ ಎಳೆದದ್ದು ಯಾವಾಗ?

2006ರ ಫೆಬ್ರವರಿ 28ರಂದು ಮಂಡಿಸಲಾದ 2006-07ನೇ ಸಾಲಿನ ಮುಂಗಡ ಪತ್ರದಲ್ಲಿ ಅಂದಿನ ಹಣಕಾಸು ಸಚಿವ ಶ್ರೀ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಮೇಲಿನ ಕೇಂದ್ರ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೇನು ಎಂಬುದಕ್ಕೆ ವ್ಯಾಖ್ಯೆ ಬೇಕಾಗಿತ್ತು. ಉದ್ದ 4000 ಮಿ.ಮೀ. ಮೀರಿರಬಾರದು, ಎಂಜಿನ್ನಿನ ಗಾತ್ರ ಪೆಟ್ರೋಲ್ ಆದಲ್ಲಿ 1200 ಸಿ.ಸಿ., ಡೀಸೆಲ್ ಆದಲ್ಲಿ 1500 ಸಿ.ಸಿ. ಮೀರಿರಬಾರದು. ಈ ಎರಡೂ ಷರತ್ತುಗಳನ್ನು ಪೂರೈಸಿದ ಕಾರು ಸಣ್ಣ ಕಾರು. ಒಂದು ತಪ್ಪಿದರೂ ದೊಡ್ಡ ಕಾರು.

ಭಾರತವು ಸಣ್ಣ ಕಾರುಗಳ ಉತ್ಪಾದನೆಯ ಕೇಂದ್ರವಾಗಬೇಕೆಂಬುದು ಇದರ ಹಿಂದಿನ ಆಶಯವಾಗಿತ್ತು. ಆಶಯ ಒಳ್ಳೆಯದೇ. ಆದರೆ ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 3999 ಮಿ.ಮೀ. ಮತ್ತು 4001 ಮಿ.ಮೀ. ಉದ್ದದ ಕಾರುಗಳ ನಡುವೆ ಬಳಕೆಯಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೂ ತೆರಿಗೆಯಲ್ಲಿ ಶೇ. 8ರಷ್ಟು ವ್ಯತ್ಯಾಸವಾಯಿತು. ಇಂತಹ ಗೆರೆ ಎಳೆದಲ್ಲಿ ತಯಾರಕರು ಗೆರೆಯ ಒಳಗೆ ಬರಲು ಸಕಲ ಪ್ರಯತ್ನ ಮಾಡುವುದು ಸಹಜ.

ಇದು ಹೊಸ ಸಂಗತಿಯಲ್ಲ

ತೆರಿಗೆಯು ಎಂಜಿನ್ನಿನ ಆಕಾರವನ್ನು ಬದಲಿಸಿದ ನಿದರ್ಶನ ಮೊದಲು ಕಂಡುಬಂದದ್ದು ನಮ್ಮಲ್ಲಲ್ಲ. ಬ್ರಿಟನ್ನಿನಲ್ಲಿ 1921ರಿಂದ 1940ರ ದಶಕದ ಕೊನೆಯ ಭಾಗದವರೆಗೆ ಕಾರುಗಳಿಗೆ ಅಶ್ವಶಕ್ತಿಯ ಆಧಾರದ ಮೇಲೆ, ಆರಂಭದಲ್ಲಿ ಒಂದು ಅಶ್ವಶಕ್ತಿಗೆ ಒಂದು ಪೌಂಡಿನಂತೆ, ತೆರಿಗೆ ವಿಧಿಸಲಾಗುತ್ತಿತ್ತು. ಆದರೆ ಆ ಅಶ್ವಶಕ್ತಿಯನ್ನು ಎಂಜಿನ್ ಓಡಿಸಿ ಅಳೆಯುತ್ತಿರಲಿಲ್ಲ. ಸಿಲಿಂಡರಿನ ವ್ಯಾಸ ಮತ್ತು ಸಿಲಿಂಡರುಗಳ ಸಂಖ್ಯೆಯಿಂದ ಸೂತ್ರದ ಮೂಲಕ ಲೆಕ್ಕ ಹಾಕುತ್ತಿದ್ದರು. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಆ ಸೂತ್ರದಲ್ಲಿ ಇರಲೇ ಇಲ್ಲ. ಪರಿಣಾಮವಾಗಿ ಬ್ರಿಟಿಷ್ ತಯಾರಕರು ಬೋರ್ ಕಿರಿದು, ಸ್ಟ್ರೋಕ್ ಉದ್ದ ಎಂಬ ಎಂಜಿನ್ನುಗಳನ್ನೇ ದಶಕಗಳ ಕಾಲ ಮಾಡಿದರು. ಕಡಿಮೆ ವೇಗದಲ್ಲಿ ಅವು ಚೆನ್ನಾಗಿ ಎಳೆಯುತ್ತಿದ್ದವು. ಉದ್ದನೆಯ ಹೆದ್ದಾರಿಗಳಲ್ಲಿ ವೇಗವಾಗಿ ಓಡಿಸಿದರೆ ಬೇಗ ಸವೆಯುತ್ತಿದ್ದವು.

ಜಪಾನಿನಲ್ಲಿ ಕೇ ಎಂಬ ವರ್ಗದ ಪುಟ್ಟ ಕಾರುಗಳಿಗೆ ತೆರಿಗೆ ರಿಯಾಯಿತಿ ಉಂಟು. ಅಲ್ಲಿ ಎಂಜಿನ್ 660 ಸಿ.ಸಿ., ಉದ್ದ 3.4 ಮೀಟರ್, ಅಗಲ 1.48 ಮೀಟರ್ ಮಿತಿ. 1983ರ ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಬಂದ ಮಾರುತಿ 800 ಇದೇ ವಂಶದ್ದು. ಆಗ ಜಪಾನಿನ ಮಿತಿ 550 ಸಿ.ಸಿ. ಇತ್ತು, ನಮಗೆ ಆ ಕಟ್ಟುಪಾಡು ಇರಲಿಲ್ಲವಾದ್ದರಿಂದ 796 ಸಿ.ಸಿ. ಎಂಜಿನ್ ಸಿಕ್ಕಿತು. ಆಗ ಪ್ರೌಢಶಾಲೆಯಲ್ಲಿದ್ದ ನಾನು ಆ ಕಾರನ್ನು ಮೊದಲು ನೋಡಿದಾಗ, ಇಷ್ಟು ಚಿಕ್ಕದಾದರೂ ಒಳಗೆ ನಾಲ್ಕು ಜನ ಹೇಗೆ ಕೂರುತ್ತಾರೆಂದು ಬೆರಗಾಗಿದ್ದೆ. ಆ ಬೆರಗಿನ ಹಿಂದೆ ಜಪಾನಿನ ತೆರಿಗೆ ಇಲಾಖೆಯೂ ಇತ್ತೆಂಬುದು ತಿಳಿದದ್ದು ಬಹಳ ವರ್ಷಗಳ ನಂತರ.

ಜಪಾನಿನ ಗೆರೆಗೂ ನಮ್ಮ ಗೆರೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಅವರು ಉದ್ದದೊಂದಿಗೆ ಅಗಲವನ್ನೂ ಅಳೆದರು. ನಾವು ಉದ್ದವನ್ನು ಮಾತ್ರ ಅಳೆದೆವು. ಇದರ ಫಲವನ್ನು ಮುಂದೆ ನೋಡೋಣ.

ಎಂಜಿನಿಯರುಗಳು ಮಾಡಿದ್ದೇನು?

ಮೊದಲನೆಯದಾಗಿ ಉದ್ದದ ವಿಚಾರ. 2008ರಲ್ಲಿ ಟಾಟಾ ಕಂಪನಿಯು ಇಂಡಿಗೊ ಸಿ.ಎಸ್. ಎಂಬ, ಡಿಕ್ಕಿಯನ್ನು ಮೊಟಕುಗೊಳಿಸಿದ 3988 ಮಿ.ಮೀ. ಉದ್ದದ ಸೆಡಾನ್ ಕಾರನ್ನು ತಂದಿತು. ನಾಲ್ಕು ಮೀಟರಿನೊಳಗಿನ ಸೆಡಾನ್ ಎಂಬ ವರ್ಗ ಆರಂಭವಾದದ್ದು ಅಲ್ಲಿಂದ. ಅದೇ ವರ್ಷ ಬಂದ ಮೊದಲ ಸ್ವಿಫ್ಟ್ ಡಿಜೈರ್ 4160 ಮಿ.ಮೀ. ಉದ್ದವಿತ್ತು, ಅದರ ಡಿಕ್ಕಿಯ ಸಾಮರ್ಥ್ಯ 440 ಲೀಟರ್. 2012ರಲ್ಲಿ ಬಂದ ಎರಡನೆಯ ಪೀಳಿಗೆಯ ಡಿಜೈರ್ 3995 ಮಿ.ಮೀ.ಗೆ ಇಳಿಯಿತು, ಡಿಕ್ಕಿ 316 ಲೀಟರಿಗೆ ಕುಗ್ಗಿತು. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವು 2390ರಿಂದ 2430 ಮಿ.ಮೀ.ಗೆ ಏರಿತು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಒಟ್ಟು ಉದ್ದದಲ್ಲಿ 165 ಮಿ.ಮೀ. ಖರ್ಚು ಕಡಿತವಾಯಿತು, ಪ್ರಯಾಣಿಕರ ಖಾತೆಗೆ 40 ಮಿ.ಮೀ. ಜಮೆಯಾಯಿತು, ಇಡೀ ನಷ್ಟವನ್ನು ಡಿಕ್ಕಿಯ ಖಾತೆಗೆ ಬರೆಯಲಾಯಿತು. 2017ರ ಮೂರನೆಯ ಪೀಳಿಗೆಯಲ್ಲಿ ಉದ್ದವನ್ನು ಹೆಚ್ಚಿಸದೆಯೇ ಡಿಕ್ಕಿಯನ್ನು 378 ಲೀಟರಿಗೆ ಏರಿಸಿದ್ದು ಮೆಚ್ಚತಕ್ಕ ಸಾಧನೆ. ಮೊದಲ ಕತ್ತರಿಯನ್ನು ಸಿದ್ಧವಾಗಿದ್ದ ಕಾರಿಗೆ ಹಾಕಲಾಗಿತ್ತು. ಎರಡನೆಯ ಸಲ ಗೆರೆಯನ್ನು ಎದುರಿಗಿಟ್ಟುಕೊಂಡೇ ಕಾರನ್ನು ರಚಿಸಲಾಯಿತು. ಈ ವ್ಯತ್ಯಾಸವನ್ನು ಗ್ರಾಹಕನು ಗುರುತಿಸಲು ಕಲಿಯಬೇಕು.

ಕತ್ತರಿ ಇನ್ನೂ ಆಳವಾಗಿ ಹೋದ ಉದಾಹರಣೆಯೂ ಇದೆ. 2012ರ ಮಹೀಂದ್ರ ಕ್ವಾಂಟೊ ಕಾರು ನಾಲ್ಕೂವರೆ ಮೀಟರ್ ಉದ್ದದ ಕ್ಸೈಲೊ ವಾಹನವನ್ನು 3985 ಮಿ.ಮೀ.ಗೆ ಮೊಟಕು ಮಾಡಿ ರೂಪಿಸಿದ್ದು. ಎತ್ತರ, ಅಗಲ ಮೊದಲಿನಷ್ಟೇ. ಹಿಂಭಾಗ ಮಾತ್ರ ನೇರ ಗೋಡೆಯಂತೆ. ನೋಡಲು ಅದು ಅರ್ಧಕ್ಕೆ ನಿಂತ ವಾಕ್ಯದಂತಿತ್ತು ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಮರುವರ್ಷ ಬಂದ ಫೋರ್ಡ್ ಎಕೊಸ್ಪೋರ್ಟ್ 3999 ಮಿ.ಮೀ. ಇತ್ತು, ಉಳಿಸಿಕೊಂಡದ್ದು ಒಂದೇ ಒಂದು ಮಿಲಿಮೀಟರ್! ಆದರೂ ಆ ಕಾರಿನ ಆಕಾರದಲ್ಲಿ ಒಂದು ಸಮತೋಲನವಿತ್ತು.

ನಮ್ಮ ರಾಜ್ಯದ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ಗೆರೆಯ ಎರಡೂ ಬದಿಯ ಅವಳಿ ಕಾರುಗಳು ತಯಾರಾದವು. ಎಟಿಯೋಸ್ ಸೆಡಾನ್ 4265 ಮಿ.ಮೀ. ಉದ್ದ, 1.5 ಲೀಟರ್ ಪೆಟ್ರೋಲ್ ಎಂಜಿನ್. ಎಟಿಯೋಸ್ ಲಿವಾ 3775 ಮಿ.ಮೀ. ಉದ್ದ, 1.2 ಲೀಟರ್ ಪೆಟ್ರೋಲ್ ಎಂಜಿನ್. ಸೆಡಾನನ್ನು ಕತ್ತರಿಸದೆ ದೊಡ್ಡ ಡಿಕ್ಕಿಯೊಂದಿಗೆ ಉಳಿಸಿದ್ದರಿಂದ ಅದು ಹೆಚ್ಚಿನ ತೆರಿಗೆ ತೆತ್ತಿತು. 2020ರಲ್ಲಿ ಇವೆರಡರ ಮಾರಾಟವೂ ನಿಂತಿತು. ಆದರೆ ಟ್ಯಾಕ್ಸಿ ಮಾಲೀಕರು ಎಟಿಯೋಸ್ ಸೆಡಾನನ್ನು ಇಂದಿಗೂ ನೆನೆಸಿಕೊಳ್ಳುವುದಕ್ಕೆ ಆ ಡಿಕ್ಕಿಯೂ ಒಂದು ಕಾರಣ. ಲೆಕ್ಕದಲ್ಲಿ ಸೋತ ವಿನ್ಯಾಸ ಬಳಕೆಯಲ್ಲಿ ಗೆಲ್ಲಬಹುದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದಾಗಿ ಎಂಜಿನ್ನಿನ ವಿಚಾರ. ಮೊದಲಿನ ಸ್ವಿಫ್ಟ್ ಪೆಟ್ರೋಲ್ ಎಂಜಿನ್ 1298 ಸಿ.ಸಿ. ಇತ್ತು: ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. 2010ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ಎಂಜಿನ್ 1197 ಸಿ.ಸಿ.: ಬೋರ್ 73 ಮಿ.ಮೀ., ಸ್ಟ್ರೋಕ್ 71.5 ಮಿ.ಮೀ. ಹುಂಡೈ ಕಂಪನಿಯ ಎಂಜಿನ್ನೂ 1197, ಹೋಂಡಾ ಅಮೇಜ್ 1198, ಟಾಟಾ 1199. ಡೀಸೆಲ್ಲಿನಲ್ಲಿ 1493, 1497, 1498. ಈ ಸಂಖ್ಯೆಗಳು ನಿವ್ವಳ ಆದಾಯವನ್ನು ತೆರಿಗೆ ಮಿತಿಯ ಕೆಳಗೆ ತಂದು ನಿಲ್ಲಿಸುವ ನಮ್ಮ ಕೆಲವು ಕಕ್ಷಿದಾರರ ಲೆಕ್ಕಪತ್ರಗಳನ್ನು ನನಗೆ ನೆನಪಿಸುತ್ತವೆ.

ಗುಣವೆಷ್ಟು, ದೋಷವೆಷ್ಟು?

ತೆರಿಗೆಯಿಂದ ಹುಟ್ಟಿದ ವಿನ್ಯಾಸವೆಲ್ಲವೂ ಕೆಟ್ಟದ್ದೆಂದು ಹೇಳುವುದು ಅನ್ಯಾಯವಾದೀತು. ಮೂರು ಸಿಲಿಂಡರ್ ಎಂಜಿನ್ನುಗಳನ್ನೇ ತೆಗೆದುಕೊಳ್ಳೋಣ. 1200 ಸಿ.ಸಿ.ಯನ್ನು ನಾಲ್ಕು ಸಿಲಿಂಡರುಗಳಿಗೆ ಹಂಚಿದರೆ ತಲಾ 300 ಸಿ.ಸಿ.; ಮೂರಕ್ಕೆ ಹಂಚಿದರೆ ತಲಾ 400 ಸಿ.ಸಿ. ಸಿಲಿಂಡರ್ ತೀರಾ ಚಿಕ್ಕದಾದರೆ ಉರಿದ ಅನಿಲದ ಶಾಖ ಗೋಡೆಗಳ ಮೂಲಕ ಹೆಚ್ಚು ಸೋರಿಹೋಗುತ್ತದೆ; ಉಜ್ಜುವ ಭಾಗಗಳೂ ಹೆಚ್ಚುತ್ತವೆ. ಆದ್ದರಿಂದ ಈ ಗಾತ್ರಕ್ಕೆ ಮೂರು ಸಿಲಿಂಡರ್ ಎಂಬುದು ಇಂಧನ ಮಿತವ್ಯಯದ ದೃಷ್ಟಿಯಿಂದ ತರ್ಕಬದ್ಧವಾದ ಆಯ್ಕೆ. ಎಂಜಿನ್ನಿನ ಉದ್ದವೂ ಕಡಿಮೆಯಾಗಿ ಕಾರಿನ ಮುಂಭಾಗದಲ್ಲಿ ಜಾಗ ಉಳಿಯುತ್ತದೆ. ಆದರೆ ಮೂರು ಸಿಲಿಂಡರ್ ಎಂಜಿನ್ ತನ್ನ ಉದ್ದಕ್ಕೂ ತೊಟ್ಟಿಲಿನಂತೆ ತೂಗುವ ಸ್ವಭಾವದ್ದು. ಸಿಗ್ನಲಿನಲ್ಲಿ ನಿಂತಾಗ ಸ್ಟಿಯರಿಂಗಿನಲ್ಲಿ, ಆಸನದಲ್ಲಿ ಕಂಡುಬರುವ ಸಣ್ಣ ನಡುಕಕ್ಕೆ ಇದೇ ಮೂಲ. ಎಂಜಿನ್ನನ್ನು ಹಿಡಿದಿರುವ ರಬ್ಬರ್ ಮೌಂಟಿಂಗುಗಳು ಹಾಗೂ ಸಮತೋಲನದ ತೂಕಗಳು ಉತ್ತಮವಾಗಿದ್ದಲ್ಲಿ ಅದು ಬಹುಮಟ್ಟಿಗೆ ಅಡಗುತ್ತದೆ. ಕೊಳ್ಳುವ ಮುನ್ನ ಎಂಜಿನ್ ಚಾಲನೆಯಲ್ಲಿಟ್ಟು ಐದು ನಿಮಿಷ ಸುಮ್ಮನೆ ಕುಳಿತು ನೋಡುವುದು ಲೇಸು.

ಟರ್ಬೊ ಅಳವಡಿಸುವುದರಿಂದ 1200 ಸಿ.ಸಿ.ಯೊಳಗೇ ದೊಡ್ಡ ಎಂಜಿನ್ನಿನ ಶಕ್ತಿಯನ್ನು ಪಡೆಯಬಹುದು. ಆದರೆ ಟರ್ಬೊ ಎಂಜಿನ್ನಿಗೆ ಶುದ್ಧವಾದ ಎಣ್ಣೆ, ಸಕಾಲದ ನಿರ್ವಹಣೆ ಅನಿವಾರ್ಯ. ಇಂದು ಉಳಿಸಿದ ತೆರಿಗೆಯ ಒಂದಂಶವನ್ನು ಮುಂದಿನ ರಿಪೇರಿಗಾಗಿ ತೆಗೆದಿಡಬೇಕಾಗಬಹುದು.

ಸುರಕ್ಷತೆಯ ಬಗ್ಗೆ ಅನೇಕರಿಗೆ ಸಂಶಯವಿದೆ. ನಾಲ್ಕು ಮೀಟರಿನೊಳಗಿನ ಕಾರು ಅಪಾಯಕಾರಿ ಎಂಬುದು ಸರ್ವಥಾ ಸತ್ಯವಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಗಳಲ್ಲಿ 2018ರಲ್ಲಿ ನೆಕ್ಸಾನ್, 2020ರಲ್ಲಿ ಎಕ್ಸ್‌ಯುವಿ 300, 2024ರಲ್ಲಿ ಹೊಸ ಡಿಜೈರ್ ವಯಸ್ಕ ಪ್ರಯಾಣಿಕರ ರಕ್ಷಣೆಗಾಗಿ ಐದು ತಾರೆಗಳನ್ನು ಪಡೆದಿವೆ. 2023ರ ಅಕ್ಟೋಬರಿನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಸಹ ಜಾರಿಗೆ ಬಂದಿದೆ. ಆದ್ದರಿಂದ ಉದ್ದವನ್ನು ನೋಡಿ ಸುರಕ್ಷತೆಯನ್ನು ಊಹಿಸದೆ ತಾರೆಗಳ ಸಂಖ್ಯೆಯನ್ನೇ ಕೇಳಿ ತಿಳಿಯಬೇಕು.

ಗೆರೆಯ ನಿಜವಾದ ದೋಷ ಬೇರೆಡೆ ಇದೆ. ಉದ್ದವನ್ನು ಮಾತ್ರ ಅಳೆದ ಕಾರಣ ಕಾರುಗಳು ಉಳಿದೆರಡು ದಿಕ್ಕಿನಲ್ಲಿ ಬೆಳೆದವು. ಮೊದಲ ಡಿಜೈರ್ 4160 ಮಿ.ಮೀ. ಉದ್ದ, 1690 ಮಿ.ಮೀ. ಅಗಲವಿತ್ತು, ತೆರಿಗೆಯ ದೃಷ್ಟಿಯಲ್ಲಿ ಅದು ದೊಡ್ಡ ಕಾರು. 2019ರ ಎಕ್ಸ್‌ಯುವಿ 300 ಕಾರು 3995 ಮಿ.ಮೀ. ಉದ್ದ, 1821 ಮಿ.ಮೀ. ಅಗಲ; ಅದು ಸಣ್ಣ ಕಾರು! ಚಿಕ್ಕಪೇಟೆ, ಬಳೇಪೇಟೆಗಳ ಗಲ್ಲಿಗಳಲ್ಲಿ ವ್ಯಾಪಾರ ಮಾಡುವವರಿಗೆ ನಾನು ಹೇಳಬೇಕಾದುದಿಲ್ಲ: ಎದುರಿನಿಂದ ಬರುವ ಗಾಡಿಗೆ ದಾರಿ ಬಿಡುವಾಗ ಅಡ್ಡಿಯಾಗುವುದು ಕಾರಿನ ಅಗಲವೇ.

ಇಂದಿನ ದರಗಳ ಲೆಕ್ಕ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಅಬಕಾರಿ ಸುಂಕ ಹೋಯಿತು, ಗೆರೆ ಮಾತ್ರ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನ ಪರಿಷ್ಕರಣೆಯ ನಂತರ ಸಣ್ಣ ಪೆಟ್ರೋಲ್ ಕಾರಿಗೆ ಪರಿಹಾರ ಸೆಸ್ ಸೇರಿ ಶೇ. 29, ಸಣ್ಣ ಡೀಸೆಲ್ ಕಾರಿಗೆ ಶೇ. 31, ಮಧ್ಯಮ ಗಾತ್ರಕ್ಕೆ ಶೇ. 45, ದೊಡ್ಡದಕ್ಕೆ ಶೇ. 48, ಎಸ್‌ಯುವಿಗೆ ಶೇ. 50 ಇತ್ತು. 2025ರ ಸೆಪ್ಟೆಂಬರ್ 22ರಿಂದ ಈ ಶ್ರೇಣಿಗಳೆಲ್ಲ ರದ್ದಾಗಿ ಎರಡೇ ದರಗಳು ಉಳಿದಿವೆ: ಗೆರೆಯ ಒಳಗಿನ ಕಾರಿಗೆ ಶೇ. 18, ಹೊರಗಿನದಕ್ಕೆ ಶೇ. 40.

ಆರು ಲಕ್ಷ ರೂಪಾಯಿ ತೆರಿಗೆಪೂರ್ವ ಮೌಲ್ಯದ ಪೆಟ್ರೋಲ್ ಕಾರನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ.

ಹಿಂದಿನ ದರದಲ್ಲಿ ಸಣ್ಣ ಕಾರು: ರೂ. 7,74,000. ಮಧ್ಯಮ ಗಾತ್ರದ ಕಾರು: ರೂ. 8,70,000. ವ್ಯತ್ಯಾಸ: ರೂ. 96,000.
ಈಗಿನ ದರದಲ್ಲಿ ಸಣ್ಣ ಕಾರು: ರೂ. 7,08,000. ಗೆರೆ ದಾಟಿದ ಕಾರು: ರೂ. 8,40,000. ವ್ಯತ್ಯಾಸ: ರೂ. 1,32,000.

ಎರಡೂ ಬಗೆಯ ಕಾರುಗಳು ಅಗ್ಗವಾಗಿವೆ ಎಂಬುದು ಸಂತೋಷದ ವಿಷಯ. ಆದರೆ ಗೆರೆಯ ಎರಡು ಬದಿಗಳ ನಡುವಿನ ಅಂತರ ಹಿಗ್ಗಿದೆ. ತೆರಿಗೆಗಳ ಸ್ವರೂಪ ಬೇರೆ ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ, 2006ರಲ್ಲಿ ಶೇ. 8 ಇದ್ದ ಅಂತರ ಈಗ ಶೇ. 22 ಆಗಿದೆ. ಅಂದರೆ ಕಾರನ್ನು ಗೆರೆಯೊಳಗೆ ತುರುಕುವ ಒತ್ತಡ ಮುಂದೆ ಹೆಚ್ಚೇ ಹೊರತು ಕಡಿಮೆಯಾಗದು. ಎರಡೂ ಷರತ್ತುಗಳು ಒಟ್ಟಿಗೆ ಅನ್ವಯವೆಂಬುದನ್ನೂ ಮರೆಯಬಾರದು. ಮಾರುತಿ ಬ್ರೆಜಾ 3995 ಮಿ.ಮೀ. ಉದ್ದವಿದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿ.ಸಿ. ಇರುವುದರಿಂದ ಅದಕ್ಕೆ ಶೇ. 40ರ ದರವೇ. 2016ರಲ್ಲಿ ಅದು ಬಂದಾಗ 1248 ಸಿ.ಸಿ. ಡೀಸೆಲ್ ಎಂಜಿನ್ ಇದ್ದುದರಿಂದ ಸಣ್ಣ ಕಾರಾಗಿತ್ತು. 2020ರಲ್ಲಿ ಎಂಜಿನ್ ಬದಲಾಯಿತು, ದೇಹ ಹಾಗೆಯೇ ಉಳಿಯಿತು.

ಗೆರೆಯೇ ಇಲ್ಲದ ಕಡೆ

ಗೆರೆ ಇಲ್ಲದಿದ್ದರೆ ವಿನ್ಯಾಸಕಾರರು ಏನು ಮಾಡುತ್ತಿದ್ದರು ಎಂಬುದನ್ನು ಊಹಿಸಬೇಕಾಗಿಲ್ಲ. ವಿದ್ಯುತ್ ಕಾರುಗಳನ್ನು ನೋಡಿದರೆ ಸಾಕು. 2019ರ ಆಗಸ್ಟಿನಿಂದ ಇವುಗಳಿಗೆ ಶೇ. 5ರ ತೆರಿಗೆ; ಉದ್ದದ ಮಿತಿಯೂ ಇಲ್ಲ, ಸಿ.ಸಿ. ಎಂಬ ಮಾತೂ ಇಲ್ಲ. ಎಂ.ಜಿ. ಕಾಮೆಟ್ ಮೂರು ಮೀಟರಿಗಿಂತಲೂ ಚಿಕ್ಕದು. ಅದೇ ಕಂಪನಿಯ ವಿಂಡ್ಸರ್ ಸುಮಾರು 4.3 ಮೀಟರ್, ಮಹೀಂದ್ರ ಬಿ.ಇ. 6 ಸುಮಾರು 4.37 ಮೀಟರ್. ಪ್ರತಿಯೊಂದೂ ತನ್ನ ಉದ್ದೇಶಕ್ಕೆ ತಕ್ಕ ಉದ್ದವನ್ನು ತಾನೇ ಆರಿಸಿಕೊಂಡಿದೆ. 2001ರಲ್ಲೇ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ವಿದ್ಯುತ್ ಕಾರು ಪುಟ್ಟದಾಗಿದ್ದುದು ತೆರಿಗೆಯ ಗೆರೆಗಾಗಿಯಲ್ಲ, ಆಗ ಆ ಗೆರೆ ಇರಲೇ ಇಲ್ಲ; ನಗರದೊಳಗೆ ಒಬ್ಬಿಬ್ಬರು ಓಡಾಡಲೆಂದೇ ಅದನ್ನು ರೂಪಿಸಲಾಗಿತ್ತು. ಪೆಟ್ರೋಲ್ ಕಾರಿನ ದೇಹದಲ್ಲೇ ಬ್ಯಾಟರಿ ಕೂರಿಸಿದ ನೆಕ್ಸಾನ್ ವಿದ್ಯುತ್ ಕಾರು ಮಾತ್ರ ತನಗೆ ಅನ್ವಯಿಸದ ಗೆರೆಯೊಳಗೇ ಉಳಿದಿದೆ. ಹಳೆಯ ಅಚ್ಚಿನ ಋಣ ಬೇಗ ತೀರುವುದಿಲ್ಲ.

ನನ್ನದೊಂದು ತಪ್ಪು ಸಲಹೆ

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಿಕೊಳ್ಳಬೇಕು. 2018ರಲ್ಲಿ ಹುಬ್ಬಳ್ಳಿಯ ಒಬ್ಬ ಜವಳಿ ವರ್ತಕ ಮಿತ್ರರು ವ್ಯವಹಾರಕ್ಕಾಗಿ ಕಾರು ಕೊಳ್ಳಬೇಕೆಂದು ಸಲಹೆ ಕೇಳಿದರು. ನಾನು ತೆರಿಗೆ ದರಗಳನ್ನು ಒಂದು ಹಾಳೆಯಲ್ಲಿ ಬರೆದು, ನಾಲ್ಕು ಮೀಟರಿನೊಳಗಿನ ಸೆಡಾನ್ ಕೊಂಡರೆ ಸುಮಾರು ಒಂದು ಲಕ್ಷ ಉಳಿಯುವುದೆಂದು ತೋರಿಸಿಕೊಟ್ಟೆ. ಅವರು ವಾರಕ್ಕೆ ಮೂರು ದಿನ ಸೀರೆಗಳ ಮಾದರಿಯ ಪೆಟ್ಟಿಗೆಗಳನ್ನು ಒಯ್ದು ಸುತ್ತಲಿನ ಊರುಗಳ ಅಂಗಡಿಗಳಿಗೆ ಹೋಗುತ್ತಾರೆಂಬುದು ನನಗೆ ಗೊತ್ತಿತ್ತು; ಆದರೆ ಆ ಪೆಟ್ಟಿಗೆಗಳ ಅಳತೆಯನ್ನು ನಾನು ಕೇಳಲಿಲ್ಲ. ಎರಡು ತಿಂಗಳ ನಂತರ ಕಚೇರಿಗೆ ಬಂದವರು, "ಸಾಹೇಬ್ರ, ತೆರಿಗಿ ಉಳೀತು, ಖರೆ. ಆದ್ರ ಪೆಟ್ಟಿಗಿ ಡಿಕ್ಕ್ಯಾಗ ಹಿಡೀವಲ್ಲವು" ಎಂದರು. ಹಿಂದಿನ ಆಸನದ ಮೇಲೆ ಪೆಟ್ಟಿಗೆ ಇಟ್ಟರೆ ಜೊತೆಗೆ ಬರುವ ನೌಕರರಿಗೆ ಜಾಗವಿಲ್ಲ. ಮೇಲೆ ಕ್ಯಾರಿಯರ್ ಹಾಕಿದರೆ ಮಳೆಯ ಭಯ. ಹದಿನಾಲ್ಕು ತಿಂಗಳಲ್ಲಿ ಆ ಕಾರನ್ನು ಮಾರಿ ಬೇರೊಂದನ್ನು ಕೊಂಡರು. ಮಾರಾಟದಲ್ಲಿ ಆದ ನಷ್ಟ ಎರಡು ಲಕ್ಷಕ್ಕೂ ಮೇಲ್ಪಟ್ಟಿತ್ತು. ತಪ್ಪು ಕಾರಿನದಲ್ಲ, ತೆರಿಗೆಯೊಂದನ್ನೇ ನೋಡಿ ಲೆಕ್ಕ ಮುಗಿಸಿದ ನನ್ನದು. ಅವರು ಅದನ್ನು ಎಂದೂ ಎತ್ತಿ ಆಡಲಿಲ್ಲ. ಆದರೆ ಅಂದಿನಿಂದ ಯಾರು ವಾಹನದ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು, "ಏನನ್ನು ಒಯ್ಯುತ್ತೀರಿ?" ಎಂದು.

ವರ್ತಕರ ಗಮನಕ್ಕೆ

1. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 17(5)ನೇ ಪ್ರಕರಣದನ್ವಯ, ಚಾಲಕನೂ ಸೇರಿ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ, ಅಂದರೆ ನಾವು ಮಾತಿನಲ್ಲಿ ಇನ್‌ಪುಟ್ ಕ್ರೆಡಿಟ್ ಎನ್ನುವುದು, ದೊರೆಯುವುದಿಲ್ಲ. ವಾಹನ ಮಾರಾಟಗಾರರು, ಪ್ರಯಾಣಿಕ ಸಾರಿಗೆ ನಡೆಸುವವರು ಮತ್ತು ಚಾಲನಾ ತರಬೇತಿ ನೀಡುವವರಿಗೆ ಮಾತ್ರ ವಿನಾಯಿತಿ. ಇಂತಹ ಕಾರಿನ ವಿಮೆ, ದುರಸ್ತಿಗಳ ಮೇಲಿನ ತೆರಿಗೆಗೂ ಇದೇ ನಿರ್ಬಂಧ.

2. ಸರಕು ಸಾಗಣೆ ವಾಹನಕ್ಕೆ ಈ ನಿರ್ಬಂಧವಿಲ್ಲ. ಆರು ಲಕ್ಷದ ಸರಕು ವಾಹನದ ಮೇಲೆ ಶೇ. 18ರಂತೆ ತೆತ್ತ ರೂ. 1,08,000ವನ್ನು, ರಾಜಿ ತೆರಿಗೆ ಪದ್ಧತಿಯಲ್ಲಿ ಇಲ್ಲದ, ತೆರಿಗೆಗೊಳಪಡುವ ವ್ಯವಹಾರದ ನೋಂದಾಯಿತ ವರ್ತಕರು ಜಮೆಯಾಗಿ ಪಡೆಯಬಹುದು. ಹೀಗಾಗಿ ಅವರಿಗೆ ಸರಕು ವಾಹನದ ವೆಚ್ಚ ರೂ. 6,00,000, ಅದೇ ಮೌಲ್ಯದ ಸಣ್ಣ ಕಾರಿನ ವೆಚ್ಚ ರೂ. 7,08,000; ಗೆರೆ ದಾಟಿದ ಕಾರಿನದು ರೂ. 8,40,000. ಮುಖ್ಯ ಕೆಲಸ ಸರಕು ಒಯ್ಯುವುದಾಗಿದ್ದರೆ ಸರಕು ವಾಹನವನ್ನೇ ಮೊದಲು ಪರಿಶೀಲಿಸಬೇಕು.

3. ಜಮೆ ದೊರೆಯದ ತೆರಿಗೆಯು ಕಾರಿನ ವೆಚ್ಚದಲ್ಲಿ ಸೇರಿ ಅದರ ಮೇಲೆ ಸವಕಳಿ ದೊರೆಯುತ್ತದೆ. ಜಮೆ ಪಡೆದ ತೆರಿಗೆಯ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಸ್ವಂತ ವ್ಯವಹಾರದ ಕಾರಿಗೆ ಶೇ. 15, ವಿದ್ಯುತ್ ವಾಹನಕ್ಕೆ ಶೇ. 40 ಸವಕಳಿ ಇದೆ. ಹೊಸ ಆದಾಯ ತೆರಿಗೆ ಅಧಿನಿಯಮ, 2025ರ ಜಾರಿಯ ದಿನಾಂಕ 2026ರ ಏಪ್ರಿಲ್ 1 ಆಗಿರುವುದರಿಂದ ಆನಂತರದ ಅವಧಿಗೆ ಅದರಡಿಯ ನಿಯಮಗಳನ್ನು ನೋಡಿಕೊಳ್ಳತಕ್ಕದ್ದು.

4. ಮಳಿಗೆಗೆ ಹೋಗುವಾಗ ಅಳತೆ ಟೇಪನ್ನೂ, ನೀವು ನಿತ್ಯ ಒಯ್ಯುವ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿ. ಡಿಕ್ಕಿಯ ಲೀಟರ್ ಲೆಕ್ಕಕ್ಕಿಂತ ಅದರ ಬಾಯಿಯ ಅಗಲ ಮುಖ್ಯ. ಹಿಂದಿನ ಆಸನದಲ್ಲಿ ಮೂವರನ್ನು ಕೂರಿಸಿಯೇ ನೋಡಿ.

ಸಣ್ಣ ಉದ್ಯಮಿಗಳ ಗಮನಕ್ಕೆ

ಕೊಳ್ಳುವವನಿಗೆ ಈ ಗೆರೆ ಲಕ್ಷದ ಪ್ರಶ್ನೆಯಾದರೆ, ಬಿಡಿಭಾಗ ತಯಾರಿಸುವವನಿಗೆ ಅದು ಜೀವನೋಪಾಯದ ಪ್ರಶ್ನೆ. ನಾಲ್ಕು ಸಿಲಿಂಡರಿನ ಹದಿನಾರು ವಾಲ್ವ್ ಎಂಜಿನ್ನಿನ ಬದಲಿಗೆ ಮೂರು ಸಿಲಿಂಡರಿನದು ಬಂದರೆ ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವ್, ಸ್ಪಾರ್ಕ್ ಪ್ಲಗ್ ಇವೆಲ್ಲದರ ಬೇಡಿಕೆ ಕಾಲು ಭಾಗ ಇಳಿಯುತ್ತದೆ. ಒಂದು ಲಕ್ಷ ಕಾರುಗಳಿಗೆ ಹದಿನಾರು ಲಕ್ಷ ವಾಲ್ವುಗಳು ಬೇಕಾಗಿದ್ದಲ್ಲಿ ಹನ್ನೆರಡು ಲಕ್ಷ ಸಾಕು. 2024ರಲ್ಲಿ ಸ್ವಿಫ್ಟ್ ಕಾರಿನಲ್ಲಿ ನಡೆದದ್ದು ಇದೇ ಬದಲಾವಣೆ: ಸಿ.ಸಿ. 1197ರಷ್ಟೇ ಉಳಿದು ಸಿಲಿಂಡರುಗಳು ಮೂರಾದವು. ವಿದ್ಯುತ್ ಕಾರಿಗಂತೂ ಇವು ಯಾವುವೂ ಬೇಡ. ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳು, ಪೀಣ್ಯದ ಮಷೀನ್ ಶಾಪ್‌ಗಳು ಈ ಲೆಕ್ಕವನ್ನು ಮುಂಚಿತವಾಗಿ ಹಾಕಿಕೊಳ್ಳಬೇಕು.

ಗೆರೆಗಳು ಸ್ಥಿರವಲ್ಲ ಎಂಬುದನ್ನೂ ನೆನಪಿಡಬೇಕು. ಇಂಧನ ದಕ್ಷತೆಯ ಮುಂದಿನ ಹಂತದ ನಿಯಮಗಳಿಗಾಗಿ 2025ರ ಸೆಪ್ಟೆಂಬರಿನಲ್ಲಿ ಹೊರಬಂದ ಕರಡಿನಲ್ಲಿ ಉದ್ದ ಮತ್ತು ಸಿ.ಸಿ.ಗಳ ಜೊತೆಗೆ 909 ಕಿಲೋ ತೂಕದ ಮಿತಿಯನ್ನೂ ಸಣ್ಣ ಪೆಟ್ರೋಲ್ ಕಾರುಗಳ ರಿಯಾಯಿತಿಗಾಗಿ ಪ್ರಸ್ತಾಪಿಸಲಾಗಿತ್ತು. ತಯಾರಕರಲ್ಲೇ ಇದರ ಬಗ್ಗೆ ಭಿನ್ನಾಭಿಪ್ರಾಯ ಕಂಡುಬಂದಿತು. ಇಂತಹ ಪ್ರತಿಯೊಂದು ಪ್ರಸ್ತಾಪವೂ ಯಾವುದೋ ಒಂದು ಭಾಗದ ಬೇಡಿಕೆಯನ್ನು ಏರಿಸುತ್ತದೆ, ಇನ್ನೊಂದರದನ್ನು ಇಳಿಸುತ್ತದೆ. ಆದ್ದರಿಂದ ಯಾವುದೇ ಕಾರು ಮಾದರಿಗೆ ಬಿಡಿಭಾಗ ಪೂರೈಸಲು ಒಪ್ಪುವಾಗ ಡೈ, ಪ್ಯಾಟರ್ನ್, ಜಿಗ್‌ಗಳ ವೆಚ್ಚವನ್ನು ಎಷ್ಟು ಸಂಖ್ಯೆಯ ಭಾಗಗಳ ಮೇಲೆ ಹಂಚಲಾಗಿದೆ ಎಂಬುದನ್ನು ಕರಾರಿನಲ್ಲಿ ನಮೂದಿಸಬೇಕು. ಆ ಸಂಖ್ಯೆ ತಲುಪುವ ಮೊದಲೇ ಮಾದರಿ ನಿಂತಲ್ಲಿ ಉಳಿದ ವೆಚ್ಚವನ್ನು ಖರೀದಿದಾರರು ಭರಿಸುವ ಷರತ್ತನ್ನೂ ಕೇಳಬೇಕು. ಕೇಳಿದರೆ ಆರ್ಡರ್ ಕೈತಪ್ಪೀತೆಂಬ ಭಯ ಸಹಜ. ಆದರೆ ಬ್ಯಾಂಕ್ ಸಾಲದಿಂದ ಮಾಡಿಸಿದ ಡೈ ಮೂಲೆ ಸೇರಿದ ಮೇಲೂ ಕಂತು ನಿಲ್ಲುವುದಿಲ್ಲ.

ಕೊನೆಯ ಮಾತು

ಈ ಗೆರೆಯನ್ನು ಅಳಿಸಬೇಕೇ? ಕಾರು ಪ್ರೇಮಿಯಾಗಿ ನನ್ನ ಉತ್ತರ ಹೌದು. ತೂಕ ಅಥವಾ ಇಂಧನ ಬಳಕೆ ಏರಿದಂತೆ ತೆರಿಗೆಯೂ ಸ್ವಲ್ಪ ಸ್ವಲ್ಪವಾಗಿ ಏರುವ ಪದ್ಧತಿಯಿದ್ದಲ್ಲಿ, ಒಂದು ಮಿಲಿಮೀಟರಿಗಾಗಿ ಡಿಕ್ಕಿ ಕತ್ತರಿಸುವ ಪ್ರಸಂಗ ಬರುವುದಿಲ್ಲ. ಇಳಿಜಾರಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಎತ್ತರದ ಮೆಟ್ಟಿಲಿನ ಅಂಚಿನಲ್ಲಿ ಎಲ್ಲರೂ ಒಂದೇ ಕಡೆ ಗುಂಪುಗೂಡುತ್ತಾರೆ. ಆದರೆ ತೆರಿಗೆ ವೃತ್ತಿಯವನಾಗಿ ಇನ್ನೊಂದು ಮುಖವನ್ನೂ ಹೇಳಬೇಕು. ಉದ್ದವನ್ನು ಟೇಪಿನಿಂದ ಅಳೆಯಬಹುದು. ಅದರಲ್ಲಿ ವ್ಯಾಜ್ಯಕ್ಕೆ ಅವಕಾಶ ಕಡಿಮೆ. ಇಂಧನ ಬಳಕೆಯನ್ನು ಆಧರಿಸಿದ ತೆರಿಗೆಯಲ್ಲಿ ಪರೀಕ್ಷೆಯ ಫಲಿತಾಂಶಗಳ ಬಗೆಗೇ ತಕರಾರುಗಳು ಏಳಬಹುದು. ಸರಳತೆಗೂ ಒಂದು ಬೆಲೆಯುಂಟು, ಆ ಬೆಲೆಯನ್ನು ನಾವು ಡಿಕ್ಕಿಯ ಲೀಟರುಗಳಲ್ಲಿ ತೆರುತ್ತಿದ್ದೇವೆ.

ಗೆರೆ ಇರುವಷ್ಟು ಕಾಲ ಅದನ್ನು ಅರಿತು ನಡೆಯುವುದೇ ಜಾಣತನ. ಕೊಳ್ಳುವವರು ತೆರಿಗೆಯನ್ನು ಲೆಕ್ಕದ ಒಂದು ಸಾಲಾಗಿ ನೋಡಲಿ, ಬಳಕೆಯನ್ನು ಮೊದಲ ಸಾಲಾಗಿ ಇಟ್ಟುಕೊಳ್ಳಲಿ. ತಯಾರಿಸುವವರು ಮುಂಗಡ ಪತ್ರದ ದಿನ ತಮ್ಮ ಆದಾಯ ತೆರಿಗೆಯ ದರದ ಜೊತೆಗೆ ವಾಹನಗಳ ವ್ಯಾಖ್ಯೆಯನ್ನೂ, ವರ್ಷದ ಉಳಿದ ದಿನಗಳಲ್ಲಿ ಜಿ.ಎಸ್.ಟಿ. ಮಂಡಳಿಯ ನಿರ್ಣಯಗಳನ್ನೂ ಓದಲಿ. ಸದಸ್ಯ ಬಾಂಧವರು ಈ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವ ಮುನ್ನ ತಮ್ಮ ಲೆಕ್ಕ ಪರಿಶೋಧಕರನ್ನು ಸಂಪರ್ಕಿಸುವುದು ಉಚಿತ. ಜೊತೆಗೆ, ಪೆಟ್ಟಿಗೆಯ ಅಳತೆಯನ್ನು ಅವರು ಕೇಳದಿದ್ದರೆ ತಾವೇ ಹೇಳುವುದು ಇನ್ನೂ ಉಚಿತ.